ಕೊಯ್ಯುತ್ತಲೇ ನೆತ್ತರು ಕಟ್ಟುವ ಕರೆಂಟು

1926ರ ಅಕ್ಟೋಬರ್ 1. ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆ. ಮಿದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದ ಡಾ. ಹಾರ್ವೆ ಕುಶಿಂಗ್, ಕೆಲವೇ ದಿನಗಳ ಹಿಂದೆ ಅರ್ಧಕ್ಕೆ ಕೈಬಿಟ್ಟಿದ್ದ ರೋಗಿಯನ್ನು ಮತ್ತೆ ಮೇಜಿನ ಮೇಲೆ ಮಲಗಿಸಿದ್ದರು. ತಲೆಯ ಮೇಲಿನ ಗೆಡ್ಡೆಗೆ ಕತ್ತಿ ತಾಗಿದರೆ ಸಾಕು, ರಕ್ತ ಉಕ್ಕಿ ಬರುತ್ತಿತ್ತು. ಈ ಸಲ ಜೊತೆಗೆ ಹಾರ್ವರ್ಡ್‌ನ ವಿಜ್ಞಾನಿ ವಿಲಿಯಂ ಬೋವಿ ಇದ್ದರು, ಅವರೇ ಕಟ್ಟಿದ ವಿದ್ಯುತ್ ಯಂತ್ರವೂ ಇತ್ತು. ಕರೆಂಟು ಹರಿಯುವ ತಂತಿಯ ಕುಣಿಕೆಯಿಂದ ಕುಶಿಂಗ್ ಗೆಡ್ಡೆಯನ್ನು ಚೂರುಚೂರಾಗಿ ತೆಗೆದರು. ರಕ್ತ ಹತೋಟಿಗೆ ಬಂತು.

ಬೋವಿ ಆ ಯಂತ್ರದ ಪೇಟೆಂಟನ್ನು ಮಾರಿದ್ದು ಒಂದೇ ಒಂದು ಡಾಲರಿಗೆ. ಅಮೆರಿಕದ ಆಸ್ಪತ್ರೆಗಳಲ್ಲಿ ಈಗಲೂ ಯಂತ್ರಕ್ಕೆ ಅವರದೇ ಹೆಸರು.

ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಇದು ‘ಕಾಟರಿ’. ಆದರೆ ಕಾಟರಿ ಎಂದರೆ ಕಾದ ಲೋಹದಿಂದ ಸುಡುವುದು. ನಮ್ಮ ಹಳ್ಳಿಗಳ ಬರೆ, ಸುಶ್ರುತ ಹೇಳಿದ ಅಗ್ನಿಕರ್ಮ ಆ ಜಾತಿಯವು. ಇಲ್ಲಿ ಹಾಗಲ್ಲ. ಸರ್ಜನ್ ಕೈಯಲ್ಲಿರುವ ಪೆನ್ಸಿಲ್‌ನಂಥ ಸಾಧನ ಕಾದ ಕಬ್ಬಿಣವಲ್ಲ. ಕರೆಂಟು ಹಾದಾಗ ಅಂಗಾಂಶದೊಳಗೇ ಶಾಖ ಹುಟ್ಟುತ್ತದೆ.

ಹಾಗಾದರೆ ಶಾಕ್ ಹೊಡೆಯುವುದಿಲ್ಲವೇ? ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ನರ ಮತ್ತು ಸ್ನಾಯುಗಳನ್ನು ಹಿಡಿದು ಅಲುಗಿಸುತ್ತದೆ. ಈ ಯಂತ್ರದ್ದು ಲಕ್ಷಗಳ ಲೆಕ್ಕ. ಅಷ್ಟು ವೇಗದ ಏರಿಳಿತಕ್ಕೆ ನರಗಳು ಸ್ಪಂದಿಸಲಾರವು. ಫ್ರಾನ್ಸಿನ ದಾರ್ಸೋನ್‌ವಾಲ್ ಇದನ್ನು 19ನೇ ಶತಮಾನದ ಕೊನೆಯಲ್ಲೇ ತೋರಿಸಿದ್ದರು.

ಪೆನ್ಸಿಲ್ಲಿನ ಮೇಲೆ ಎರಡು ಗುಂಡಿ. ಹಳದಿ ಒತ್ತಿದರೆ ಕರೆಂಟು ಬಿಡುವಿಲ್ಲದೆ ಹರಿದು, ಜೀವಕೋಶದ ನೀರು ಕ್ಷಣದಲ್ಲಿ ಆವಿಯಾಗಿ ಕೋಶ ಒಡೆಯುತ್ತದೆ, ಅದೇ ಕೊಯ್ತ. ನೀಲಿ ಒತ್ತಿದರೆ ಕರೆಂಟು ಬಿಟ್ಟುಬಿಟ್ಟು ಹರಿಯುತ್ತದೆ. ಅಂಗಾಂಶ ಒಣಗಿ, ಸಣ್ಣ ರಕ್ತನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಮಿದುಳು, ಬೆನ್ನುಹುರಿಯಂಥ ನಾಜೂಕು ಜಾಗಗಳಲ್ಲಿ ಹೆಚ್ಚಾಗಿ ಬಳಸುವುದು ಚಿಮಟದಂಥ ಬೈಪೋಲಾರ್. ಅದರಲ್ಲಿ ಕರೆಂಟು ಎರಡು ತುದಿಗಳ ನಡುವೆ ಮಾತ್ರ ಹರಿಯುತ್ತದೆ.

ಪೆನ್ಸಿಲ್ಲಿನ ಕರೆಂಟಿಗೆ ಮಾತ್ರ ಮರಳುವ ದಾರಿ ಬೇಕು. ಅದಕ್ಕೇ ರೋಗಿಯ ತೊಡೆಗೋ ಬೆನ್ನಿಗೋ ಅಂಗೈಯಗಲದ ಅಂಟುವ ‘ಪ್ಲೇಟ್’. ತುದಿಯಲ್ಲಿ ಮೊನೆಯಷ್ಟು ಜಾಗದಲ್ಲಿ ಸೇರಿ ಸುಡುವ ಅದೇ ಕರೆಂಟು ಪ್ಲೇಟಿನಲ್ಲಿ ಹರಡಿಕೊಂಡು ಸುಮ್ಮನೆ ಹೊರಬೀಳುತ್ತದೆ. ಪ್ಲೇಟಿನ ಅಂಚು ಎದ್ದು, ಒಂದೆರಡು ಬೆರಳಗಲ ಮಾತ್ರ ಚರ್ಮಕ್ಕೆ ಹತ್ತಿಕೊಂಡಿದ್ದರೆ ಅಲ್ಲಿಯೇ ಸುಟ್ಟ ಗಾಯ. ಅರಿವಳಿಕೆಯಲ್ಲಿರುವವರು ಅಯ್ಯೋ ಎನ್ನಲಾರರು. ಆದ್ದರಿಂದ ಕೂದಲು ತೆಗೆದು, ಚರ್ಮ ಒರೆಸಿ, ಮಾಂಸಖಂಡ ತುಂಬಿದ ಜಾಗ ನೋಡಿ ಪ್ಲೇಟ್ ಒತ್ತುವ ಸಿಸ್ಟರ್ ಕೆಲಸ ಸರ್ಜನ್ ಕೈಚಳಕಕ್ಕಿಂತ ಕಡಿಮೆಯದಲ್ಲ. ಸಂಪರ್ಕ ಸಡಿಲವಾದರೆ ಹೊಸ ಯಂತ್ರಗಳು ತಾವೇ ಕೂಗಿ ನಿಲ್ಲುತ್ತವೆ, ನಿಜ. ಆದರೂ ಕಣ್ಣಿನ ಕಾವಲು ಬೇಕೇ ಬೇಕು.

ಬೆಂಕಿಯ ಭಯವೂ ಇದೆ: ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಪೂರ್ತಿ ಆರುವ ಮೊದಲು ಗುಂಡಿ ಒತ್ತಬಾರದು. ಸುಡುವಾಗ ಏಳುವ ಹೊಗೆಯಲ್ಲಿ ಬೆಂಜೀನ್‌ನಂಥ ವಿಷಗಳಿರುತ್ತವೆ. ಅದನ್ನು ಹೀರಿ ತೆಗೆಯುವ ಸಾಧನ ಪ್ರತಿ ಥಿಯೇಟರಿನಲ್ಲೂ ಇರಬೇಕು. ದಿನವಿಡೀ ಅಲ್ಲಿ ಉಸಿರಾಡುವವರು ಸಿಬ್ಬಂದಿ.

ಆಪರೇಷನ್‌ಗೆ ಮೊದಲು ಬಳೆ, ಮೂಗುತಿ, ಕಾಲುಂಗುರ, ತಾಳಿ ಬಿಚ್ಚಿಡಲು ಹೇಳಿದರೆ ಹಿಂಜರಿಯುವವರು ನಮ್ಮಲ್ಲಿ ಬಹಳ. ಹಾಗೆ ಕೇಳುವುದರ ಹಿಂದೆ ಈ ಕರೆಂಟಿನ ಕಾರಣವೂ ಇದೆ. ಎದೆಯಲ್ಲಿ ಪೇಸ್‌ಮೇಕರ್, ಮೂಳೆಯಲ್ಲಿ ರಾಡ್ ಅಥವಾ ಪ್ಲೇಟ್ ಇದ್ದರೆ, ಯಾರೂ ಕೇಳದಿದ್ದರೂ ನೀವೇ ವೈದ್ಯರಿಗೆ ಮೊದಲೇ ಹೇಳಿ.