ಸೆಲ್ಯುಲೋಸ್ ಸೂಕ್ಷ್ಮತಂತು

ಸೆಲ್ಯುಲೋಸ್ ಸೂಕ್ಷ್ಮತಂತು ಅಥವಾ ಮೈಕ್ರೋಫೈಬ್ರಿಲ್ ಎಂಬುದು ಸಸ್ಯಗಳ ಕೋಶಭಿತ್ತಿಗೆ ಬಲ ನೀಡುವ ಅತಿ ಸಣ್ಣ ಎಳೆ. ಸೆಲ್ಯುಲೋಸ್‌ನ ಹಲವು ಅಣುಸರಪಳಿಗಳು ಒಂದರ ಪಕ್ಕದಲ್ಲಿ ಒಂದು ಜೋಡಣೆಗೊಂಡು ಇದು ರೂಪುಗೊಳ್ಳುತ್ತದೆ. ಹತ್ತಿ, ಮರ, ಹುಲ್ಲು, ನಾರು ಇವೆಲ್ಲವುಗಳ ಗಟ್ಟಿತನಕ್ಕೆ ಇದೇ ಆಧಾರ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆ, ತೆಂಗು, ಭತ್ತ, ಮೆಕ್ಕೆಜೋಳ ಮತ್ತು ಹತ್ತಿ ಇದರ ವಿವಿಧ ರೂಪಗಳಿಗೆ ಉತ್ತಮ ನಿದರ್ಶನಗಳು. ಮೂಲವಸ್ತು ಒಂದೇ ಆದರೂ ಎಳೆಗಳ ಜೋಡಣೆ, ಅವುಗಳ ಓರೆ ಮತ್ತು ಸುತ್ತಲಿನ ಪದಾರ್ಥ ಬದಲಾದಂತೆ ಗುಣವೂ ಬದಲಾಗುತ್ತದೆ.

ಇತಿಹಾಸ

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯನ್ 1838ರಲ್ಲಿ ಸಸ್ಯಗಳಿಂದ ಸೆಲ್ಯುಲೋಸನ್ನು ಬೇರ್ಪಡಿಸಿದನು. ಇದು ಉದ್ದನೆಯ ಸರಪಳಿಯಂತಹ ಬೃಹದಣು ಎಂಬುದನ್ನು 1920ರ ದಶಕದಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಪ್ರತಿಪಾದಿಸಿದನು.

ರಚನೆ

ಸೆಲ್ಯುಲೋಸ್ ಸರಪಳಿಯ ಪ್ರತಿಯೊಂದು ಕೊಂಡಿಯೂ ಗ್ಲುಕೋಸ್. ಮೆಕ್ಕೆಜೋಳದ ಕಾಳಿನಲ್ಲಿರುವ ಪಿಷ್ಟವೂ ಗ್ಲುಕೋಸಿನಿಂದಲೇ ಆದದ್ದು. ಕೊಂಡಿಗಳು ಸೇರುವ ರೀತಿಯಲ್ಲಿ ಮಾತ್ರ ವ್ಯತ್ಯಾಸವಿದೆ. ಪಿಷ್ಟದಲ್ಲಿ ಆಲ್ಫಾ ಬಂಧವಿರುವುದರಿಂದ ಸರಪಳಿ ಸುರುಳಿಯಾಗುತ್ತದೆ. ಸೆಲ್ಯುಲೋಸ್‌ನಲ್ಲಿ ಬೀಟಾ ಬಂಧವಿದ್ದು, ಪ್ರತಿ ಕೊಂಡಿಯೂ ಹಿಂದಿನದಕ್ಕೆ ಮಗುಚಿ ನಿಲ್ಲುವುದರಿಂದ ಸರಪಳಿ ನೇರವಾಗಿ ಚಾಚಿಕೊಳ್ಳುತ್ತದೆ. ನೇರವಾದ ಸರಪಳಿಗಳು ಜಲಜನಕ ಬಂಧಗಳ ನೆರವಿನಿಂದ ಒತ್ತಾಗಿ ಸೇರಿ ಸ್ಫಟಿಕದಂತಹ ಕ್ರಮವನ್ನು ಪಡೆಯುತ್ತವೆ. ಎಳೆಯ ಕೋಶಭಿತ್ತಿಯಲ್ಲಿ ಒಂದು ಸೂಕ್ಷ್ಮತಂತುವಿನ ದಪ್ಪ ಸುಮಾರು 3 ನ್ಯಾನೋಮೀಟರ್. ಅದರಲ್ಲಿ 18 ಸರಪಳಿಗಳಿರಬಹುದೆಂಬುದು ಇತ್ತೀಚಿನ ಅಭಿಪ್ರಾಯ. ಹಿಂದೆ 36 ಎಂದು ಭಾವಿಸಲಾಗಿತ್ತು. ತಂತುಗಳ ನಡುವೆ ಹೆಮಿಸೆಲ್ಯುಲೋಸ್, ಪೆಕ್ಟಿನ್ ಮತ್ತು ಬಲಿತ ಭಾಗಗಳಲ್ಲಿ ಲಿಗ್ನಿನ್ ತುಂಬಿಕೊಂಡಿರುತ್ತವೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿನಂತೆ ಸೂಕ್ಷ್ಮತಂತು ಎಳೆತವನ್ನು ತಡೆಯುತ್ತದೆ.

ಸಸ್ಯದಲ್ಲಿ ಉತ್ಪತ್ತಿ

ಕೋಶದ ಹೊರಪೊರೆಯಲ್ಲಿ ಆರು ಎಸಳಿನ ಹೂವಿನಂತೆ ಕಾಣುವ ಕಿಣ್ವಗಳ ಗುಂಪು ಸರಪಳಿಗಳನ್ನು ಹೆಣೆಯುತ್ತ ಮುಂದೆ ಸಾಗುತ್ತದೆ. ಪೊರೆಯ ಒಳಬದಿಯಲ್ಲಿರುವ ಸೂಕ್ಷ್ಮನಾಳಗಳು ಅದಕ್ಕೆ ದಾರಿ ತೋರುತ್ತವೆ. ಇದನ್ನು 2006ರಲ್ಲಿ ಜೀವಂತ ಕೋಶಗಳಲ್ಲಿಯೇ ನೋಡಲಾಯಿತು. ಬೆಳೆಯುವ ಕಾಂಡದ ಕೋಶಗಳಲ್ಲಿ ತಂತುಗಳು ಪೀಪಾಯಿಯ ಪಟ್ಟಿಗಳಂತೆ ಅಡ್ಡಲಾಗಿ ಸುತ್ತಿಕೊಳ್ಳುತ್ತವೆ. ಆದ್ದರಿಂದ ಒಳಗಿನ ನೀರಿನ ಒತ್ತಡ ಹೆಚ್ಚಿದಾಗ ಕೋಶವು ದಪ್ಪವಾಗದೆ ಉದ್ದವಾಗುತ್ತದೆ.

ತಂತುಕೋನ

ನಾರಿನ ಉದ್ದಕ್ಕೆ ಸೂಕ್ಷ್ಮತಂತುಗಳು ಎಷ್ಟು ಓರೆಯಾಗಿ ಸುತ್ತಿವೆ ಎಂಬುದನ್ನು ತಂತುಕೋನ ಎನ್ನುತ್ತಾರೆ. ಸೆಣಬಿನಲ್ಲಿ ಇದು ಸುಮಾರು 8 ಡಿಗ್ರಿ. ಆದ್ದರಿಂದ ಸೆಣಬು ಬಿಗಿಯಾಗಿದ್ದು, ಸ್ವಲ್ಪವೇ ಹಿಗ್ಗಿ ತುಂಡಾಗುತ್ತದೆ. ತೆಂಗಿನ ನಾರಿನಲ್ಲಿ ಕೋನವು 30 ಡಿಗ್ರಿಗಿಂತ ಹೆಚ್ಚು. ಎಳೆದಾಗ ಸುರುಳಿ ಬಿಚ್ಚಿಕೊಳ್ಳುವುದರಿಂದ ಅದು ಗಣನೀಯವಾಗಿ ಹಿಗ್ಗುತ್ತದೆ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಬೆಳೆದ ಒಂದೇ ಕೋಶವಾಗಿದ್ದು, ಅದರಲ್ಲಿ ಸೆಲ್ಯುಲೋಸ್ ಪ್ರಮಾಣ ಶೇ. 90ಕ್ಕೂ ಹೆಚ್ಚು.

ನೀರು ಮತ್ತು ಶಾಖ

ಸ್ಫಟಿಕರೂಪದ ಭಾಗದೊಳಕ್ಕೆ ನೀರು ಇಳಿಯುವುದಿಲ್ಲ. ತಂತುಗಳ ನಡುವಿನ ಜಾಗಕ್ಕೆ ಮಾತ್ರ ಸೇರುತ್ತದೆ. ಹೀಗಾಗಿ ಮರವು ಉದ್ದಕ್ಕಿಂತ ಅಡ್ಡಲಾಗಿ ಬಹಳ ಹೆಚ್ಚು ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳಲು ಇದೇ ಕಾರಣ.

ಸೆಲ್ಯುಲೋಸ್ ಕಾಯಿಸಿದರೆ ಕರಗುವುದಿಲ್ಲ; ಹೆಚ್ಚು ಶಾಖದಲ್ಲಿ ಕರಿಯಾಗುತ್ತದೆ. ಚನ್ನಗಿರಿಯ ತೋಟಗಳಲ್ಲಿ ತಾನಾಗಿ ಉದುರುವ ಅಡಿಕೆ ಹಾಳೆಯನ್ನು ತೊಳೆದು, ಒದ್ದೆಯಿರುವಾಗಲೇ ಬಿಸಿ ಅಚ್ಚಿನಲ್ಲಿ ಒತ್ತಿದರೆ ಅಂಟಿಲ್ಲದೆಯೇ ತಟ್ಟೆಯಾಗುತ್ತದೆ. ನೀರು ಮತ್ತು ಶಾಖದಿಂದ ತಂತುಗಳ ನಡುವಿನ ಪದಾರ್ಥ ಮೆದುವಾಗಿ ಹಾಳೆ ಬಾಗುತ್ತದೆ. ಒಣಗಿದ ಮೇಲೆ ಹೊಸ ಆಕಾರ ನಿಲ್ಲುತ್ತದೆ.

ಕೈಗಾರಿಕೆ

ಹೊನ್ನಾಳಿಯಿಂದ ಕೆಳಕ್ಕೆ ಹರಿಯುವ ತುಂಗಭದ್ರೆಯ ದಡದಲ್ಲಿ, ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ ರೇಯಾನ್‌ಗೆ ಬೇಕಾದ ಮರದ ತಿರುಳನ್ನು ತಯಾರಿಸುವ ಕಾರ್ಖಾನೆಯಿದೆ. 1892ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ವಿಸ್ಕೋಸ್ ವಿಧಾನದಲ್ಲಿ ಇಂತಹ ತಿರುಳನ್ನು ಕ್ಷಾರ ಮತ್ತು ಕಾರ್ಬನ್ ಡೈಸಲ್ಫೈಡಿನಿಂದ ಸಂಸ್ಕರಿಸಿ ದ್ರಾವಣವಾಗಿಸಿ, ಆಮ್ಲದಲ್ಲಿ ಮತ್ತೆ ದಾರವಾಗಿ ಎಳೆಯುತ್ತಾರೆ. ಸಸ್ಯವು ಕಟ್ಟಿದ ಮೂಲ ಜೋಡಣೆ ಇಲ್ಲಿ ಅಳಿದುಹೋಗುತ್ತದೆ. ಹತ್ತಿಯ ದಾರ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾದರೆ, ಸಾಮಾನ್ಯ ರೇಯಾನ್ ದುರ್ಬಲವಾಗುತ್ತದೆ.

ಮೇವು

ಮನುಷ್ಯನ ದೇಹದಲ್ಲಿ ಬೀಟಾ ಬಂಧವನ್ನು ಒಡೆಯುವ ಕಿಣ್ವವಿಲ್ಲ. ದನಗಳಿಗೂ ಅದಿಲ್ಲ, ಅವುಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಒಂದೇ ಮೆಕ್ಕೆಜೋಳದ ಗಿಡದ ಕಾಳು ಮನುಷ್ಯನಿಗೆ ಆಹಾರ, ದಂಟು ದನಗಳಿಗೆ ಮೇವು ಆಗಿರುವುದು ಇದರಿಂದಲೇ. ಆದರೆ ಬಲಿತ ದಂಟು ಮತ್ತು ಭತ್ತದ ಹುಲ್ಲಿನಲ್ಲಿ ಲಿಗ್ನಿನ್ ಮತ್ತಿತರ ಪದಾರ್ಥಗಳು ತಂತುಗಳನ್ನು ಮುಚ್ಚಿರುವುದರಿಂದ ಮೇವು ಸುಲಭವಾಗಿ ಜೀರ್ಣವಾಗದು. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಪೂರ್ಣವಾಗಿ ಕರಗಿಸಿ ಸಿಂಪಡಿಸಿ, ಗಾಳಿಯಾಡದಂತೆ ಸುಮಾರು 3 ವಾರ ಮುಚ್ಚಿಟ್ಟರೆ, ಹುಟ್ಟುವ ಅಮೋನಿಯಾ ಈ ಬಿಗಿಯನ್ನು ಸಡಿಲಿಸುತ್ತದೆ. ಇಂತಹ ಹುಲ್ಲನ್ನು ಗಾಳಿಗೆ ಹರಡಿದ ನಂತರವೇ ತಿನ್ನಿಸಬೇಕು, ಎಳೆಗರುಗಳಿಗೆ ಕೊಡಬಾರದು. ಮಳೆ ಕಡಿಮೆ ಬೀಳುವ ಜಗಳೂರಿನಂತಹ ತಾಲ್ಲೂಕುಗಳಲ್ಲಿ ಹಸಿರು ಮೇವಿಗೆ ಕೊರತೆಯಾದಾಗ ಒಣಮೇವೇ ಆಸರೆ. ಹೊಲದಲ್ಲಿ ಸುಟ್ಟ ಕೂಳೆಯೊಂದಿಗೆ ಈ ಸೆಲ್ಯುಲೋಸ್ ಕೂಡ ಹೊಗೆಯಾಗಿ ಹೋಗುತ್ತದೆ. ಮಣ್ಣಿಗೆ ಸೇರಿಸಿದರೆ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಅದನ್ನು ಒಡೆದು ಗೊಬ್ಬರವಾಗಿಸುತ್ತವೆ.