ಸೊಂಟ ನೋವು, ಕಾಲು ಉರಿ: ಊರಿಂದ ಮಾತ್ರೆ ತರಿಸುವ ಮುಂಚೆ

ಗಲ್ಫಿನಲ್ಲಿರುವ ನಮ್ಮವರ ರೂಮುಗಳಲ್ಲಿ ಉಪ್ಪಿನಕಾಯಿ ಬಾಟಲಿಯ ಪಕ್ಕ ಈಗ ಇನ್ನೊಂದು ವಸ್ತು ಕಾಯಂ ಆಗಿದೆ: ವಿಟಮಿನ್ ಡಿ ಮಾತ್ರೆಯ ಸ್ಟ್ರಿಪ್ಪು. ರಜೆಗೆ ಹೋದವರು ವಾಪಸ್ ಬರುವಾಗ ಚಟ್ನಿಪುಡಿ, ಹಪ್ಪಳದ ಜೊತೆ ನಾಲ್ಕು ಜನರಿಗಾಗುವಷ್ಟು ಇದನ್ನೂ ತರುತ್ತಾರೆ. ಸೊಂಟ ನೋವು ಅಂದರೆ ಒಂದು, ಸುಸ್ತು ಅಂದರೆ ಇನ್ನೊಂದು. ಎಡವಟ್ಟಾಗುತ್ತಿರುವುದು ನುಂಗುವ ಲೆಕ್ಕದಲ್ಲಿ.

ಕೊರತೆ ಇರುವುದೇನೂ ಸುಳ್ಳಲ್ಲ. ಇಷ್ಟು ಬಿಸಿಲಿನ ನಾಡಿನಲ್ಲಿ ಬಿಸಿಲಿನಿಂದ ಸಿಗುವ ವಿಟಮಿನ್ನಿಗೇ ಬರ ಅಂದರೆ ನಗು ಬರಬಹುದು. ಆದರೆ ನಮ್ಮ ದಿನಚರಿ ನೋಡಿ. ಅಂಗಡಿ, ಹೋಟೆಲ್, ಗೋಡೌನಿನವರು ಎಸಿ ಬಸ್ಸಿನಲ್ಲಿ ಹೋಗಿ ಎಸಿ ಬಸ್ಸಿನಲ್ಲೇ ಬರುತ್ತಾರೆ. ಡ್ರೈವರ್‌ಗಳು ದಿನವಿಡೀ ಬಿಸಿಲಲ್ಲೇ ಇರುತ್ತಾರಲ್ಲ ಅಂತೀರಾ? ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಅಲ್ಟ್ರಾವಯೊಲೆಟ್ ಬಿ ಕಿರಣ ಗಾಡಿಯ ಗಾಜು ದಾಟಿ ಒಳಗೆ ಬರುವುದಿಲ್ಲ. ಬೆವರು ಮಾತ್ರ ಬರುತ್ತದೆ. ಇನ್ನು ಸೈಟಿನಲ್ಲಿ ದುಡಿಯುವವರಿಗೆ ಉದ್ದ ತೋಳಿನ ಕವರಾಲ್, ಹೆಲ್ಮೆಟ್, ಮುಖಕ್ಕೆ ಸುತ್ತಿದ ಬಟ್ಟೆ. ಅದು ಬೇಕೇ ಬೇಕು, ವಿಟಮಿನ್ ಆಸೆಗೆ ಯಾರೂ ಅದನ್ನು ಬಿಚ್ಚಬೇಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇರುವುದೂ ಜೀವ ಉಳಿಸಲಿಕ್ಕೇ. ಜೊತೆಗೆ ನಮ್ಮಂಥ ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು.

ಬೆಳಗಿನ ಎಳೆ ಬಿಸಿಲು ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ. ಮನಸ್ಸಿಗೆ ಒಳ್ಳೆಯದೇ, ಆದರೆ ನೆರಳು ಉದ್ದಕ್ಕೆ ಬೀಳುವ ಹೊತ್ತಿನಲ್ಲಿ ಈ ಕಿರಣ ತೀರಾ ಕಮ್ಮಿ. ನವೆಂಬರಿನಿಂದ ಫೆಬ್ರವರಿವರೆಗಿನ ತಂಪು ತಿಂಗಳಲ್ಲಿ, ರಜೆ ದಿನ ಹನ್ನೊಂದರ ಸುಮಾರಿಗೆ ತುಂಡು ತೋಳಿನ ಬನಿಯನ್, ಚಡ್ಡಿಯಲ್ಲಿ ಅರ್ಧ ಗಂಟೆ ಕ್ರಿಕೆಟ್ ಆಡಿದರೆ ಅದರಿಂದ ಉಪಯೋಗವಿದೆ. ಬೂತಾಯಿ, ಬಂಗುಡೆ ತಿನ್ನುವವರಿಗೆ ಮೀನಿನಿಂದಲೂ ಸ್ವಲ್ಪ ಸಿಗುತ್ತದೆ. ಇಲ್ಲಿನ ಹಲವು ಹಾಲಿನ ಪ್ಯಾಕೆಟ್‌ಗಳಿಗೆ ವಿಟಮಿನ್ ಡಿ ಸೇರಿಸಿರುತ್ತಾರೆ, ಲೇಬಲ್ ನೋಡಿ ಕೊಳ್ಳಿ.

ಈಗ ಮಾತ್ರೆ ವಿಷಯ. ಊರಿನಲ್ಲಿ ಸಿಗುವುದು ಸಾಮಾನ್ಯವಾಗಿ 60,000 ಯೂನಿಟ್‌ನದ್ದು. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾಗುವುದು ಸುಮಾರು 600 ಯೂನಿಟ್. ಅಂದರೆ ಒಂದು ಮಾತ್ರೆಯಲ್ಲಿ ನೂರು ದಿನದ ಪಾಲು ಇದೆ! ಡಾಕ್ಟರು ಅದನ್ನು ಬರೆದುಕೊಡುವುದು ವಾರಕ್ಕೊಂದರಂತೆ, ಅದೂ ಕೆಲವೇ ವಾರ. ರೂಮಿನಲ್ಲಿ ಬಾಯಿಂದ ಬಾಯಿಗೆ ದಾಟುವಾಗ "ವಾರಕ್ಕೊಂದು" ಹೋಗಿ "ದಿನಕ್ಕೊಂದು" ಆಗಿಬಿಡುತ್ತದೆ. ಹೆಚ್ಚಾದ ಬಿ, ಸಿ ವಿಟಮಿನ್‌ಗಳ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಹಸಿವಿಲ್ಲ, ವಾಂತಿ, ಮಲಬದ್ಧತೆ, ವಿಪರೀತ ದಾಹ, ಪದೇ ಪದೇ ಮೂತ್ರ. ಕೊನೆಗೆ ಕಿಡ್ನಿಗೇ ಪೆಟ್ಟು. ನೀರು ಕುಡಿಯಲೂ ಪುರುಸೊತ್ತಿಲ್ಲದೆ ಸೆಕೆಯಲ್ಲಿ ದುಡಿಯುವವರ ಕಿಡ್ನಿ ಮೊದಲೇ ಸೋತಿರುತ್ತದೆ ಮಾರಾಯ್ರೆ, ಅದರ ಮೇಲೆ ಇದು.

ಕಾಲು ಉರಿ, ಪಾದದಲ್ಲಿ ಇರುವೆ ಹರಿದಂತೆ ಜುಮುಜುಮು ಇದ್ದರೆ ಡಿ ಮಾತ್ರೆಯಿಂದ ಪ್ರಯೋಜನವಿಲ್ಲ. ಅಲ್ಲಿ ಅನುಮಾನ ಬರಬೇಕಾದದ್ದು ಬಿ-12 ಮೇಲೆ. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಹಜವಾಗಿ ಇರುವಂಥದ್ದು. ಸೊಪ್ಪು ಬೇಳೆಯಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಊರಿನಲ್ಲಿ ಮಜ್ಜಿಗೆ, ಹಾಲಿನ ಚಹಾ ಹೇಗೋ ಕಾಪಾಡುತ್ತಿತ್ತು. ಇಲ್ಲಿ ಖುಬ್ಬೂಸ್, ದಾಲ್, ಮೇಲೆ ಹಾಲಿಲ್ಲದ ಸುಲೈಮಾನಿ! ಲಿವರ್‌ನಲ್ಲಿ ಬಿ-12 ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟಿರುವುದರಿಂದ ಬಂದ ವರ್ಷ ಏನೂ ಗೊತ್ತಾಗುವುದಿಲ್ಲ. ಮೂರ್ನಾಲ್ಕು ವರ್ಷದ ನಂತರ ಸುಸ್ತು, ನಾಲಿಗೆ ಉರಿ, ಮರೆವು, ನಡೆಯುವಾಗ ತೂರಾಡಿದಂತೆ ಆಗುವುದು ಶುರು. ತಡ ಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಿ. ವರ್ಷಗಟ್ಟಲೆ ತೆಗೆದುಕೊಂಡರೆ ಅದು ಬಿ-12 ಹೀರುವಿಕೆಯನ್ನು ತಗ್ಗಿಸುತ್ತದೆ. ಗ್ಯಾಸ್ಟ್ರಿಕ್‌ಗೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಕೂಡ ಹಾಗೆಯೇ. "ಶುಗರ್ ಇದ್ದ ಮೇಲೆ ಕಾಲು ಉರಿ ಇದ್ದದ್ದೇ" ಅಂತ ಸುಮ್ಮನಿರುವವರಲ್ಲಿ ಕೆಲವರಿಗೆ ಬೇಕಾಗಿರುವುದು ಬಿ-12 ಇಂಜೆಕ್ಷನ್. ಆದರೆ ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಬಿ-12 ಟೆಸ್ಟ್ ಮಾಡಿಸಿ ಅಂತ ಕೇಳಿ.

ಟೆಸ್ಟ್ ಮಾಡಿಸಿದ ಮೇಲೆ ಇನ್ನೊಂದು ಗೊಂದಲ ಇದೆ. ವಿಟಮಿನ್ ಡಿಯನ್ನು ಊರಿನ ಲ್ಯಾಬ್‌ಗಳು ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತವೆ. ಇಲ್ಲಿನ ಕೆಲವು ಲ್ಯಾಬ್‌ಗಳು ನ್ಯಾನೋಮೋಲ್ ಲೆಕ್ಕದಲ್ಲಿ. ಊರಿನ 20 ಅಂದರೆ ಇಲ್ಲಿನ 50, ಎರಡೂ ಒಂದೇ. ಅದಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಊರಲ್ಲಿ 18 ಇದ್ದದ್ದು ಇಲ್ಲಿ 45 ಆಯಿತು ಅಂತ ಖುಷಿಪಟ್ಟು ಔಷಧಿ ಬಿಟ್ಟರೆ, ನೀವು ನಿಂತಿರುವುದು ಅದೇ ಜಾಗದಲ್ಲಿ. ಹಳೆ ರಿಪೋರ್ಟನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಹೊಸದರ ಜೊತೆ ಕ್ಲಿನಿಕ್ಕಿನಲ್ಲಿ ತೋರಿಸಿ. ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನೂ ಜೇಬಿನಲ್ಲಿಟ್ಟುಕೊಂಡೇ ಹೋಗಿ, ಊರಿಂದ ತಂದದ್ದಾದರೂ ಸರಿ.