ತೀರ್ಪಿಗೂ ಶಿಕ್ಷೆಗೂ ನಡುವೆ ನಿಂತವರು

ಮಲೆನಾಡಿನ ಒಂದು ಊರು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯಲ್ಲಿ ಒಂದು ಮೂಟೆಯಷ್ಟನ್ನು ಹತ್ತೊಂಬತ್ತರ ಕೂಲಿ ಹುಡುಗನೊಬ್ಬ ರಾತ್ರೋರಾತ್ರಿ ಸಾಗಿಸಿ ಪೇಟೆಯಲ್ಲಿ ಮಾರಿದ ಎಂದಿಟ್ಟುಕೊಳ್ಳೋಣ. ಹುಡುಗ ಸಿಕ್ಕಿಬಿದ್ದ. ಮೊಕದ್ದಮೆ ನಡೆಯಿತು, ಸಾಕ್ಷಿಗಳು ನುಡಿದರು, ಆರೋಪ ಸಾಬೀತಾಯಿತು. ಅಪರಾಧಿ ಎಂದು ನ್ಯಾಯಾಧೀಶರು ಹೇಳಿದ್ದೂ ಆಯಿತು. ಇನ್ನು ಉಳಿದಿರುವುದು ಶಿಕ್ಷೆಯ ಮಾತು.

ನ್ಯಾಯಾಧೀಶರ ಮುಂದಿರುವ ಕಡತದಲ್ಲಿ ಅಡಿಕೆಯ ತೂಕವಿದೆ, ಬೆಲೆಯಿದೆ, ಮಹಜರಿದೆ. ಹುಡುಗ ಮಾತ್ರ ಇಲ್ಲ. ಅವನು ಹಿಂದೆಯೂ ಕೈಚಳಕ ತೋರಿದವನೇ, ಇಲ್ಲ ಮನೆಯ ಸಾಲಕ್ಕೆ ಹೆದರಿ ಒಮ್ಮೆ ಎಡವಿದವನೇ? ಅವನನ್ನು ನಂಬಿಕೊಂಡು ಬದುಕುವವರು ಯಾರಿದ್ದಾರೆ? ಬಿಟ್ಟುಕಳಿಸಿದರೆ ನಾಳೆ ಎಲ್ಲಿರುತ್ತಾನೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ತರುವುದಕ್ಕೆಂದೇ ಕಾನೂನು ಒಬ್ಬ ಅಧಿಕಾರಿಯನ್ನು ಇಟ್ಟಿದೆ. ಸರ್ಕಾರಿ ಕಾಗದಪತ್ರಗಳಲ್ಲಿ ಅವರ ಹೆಸರು ಪರಿವೀಕ್ಷಣಾಧಿಕಾರಿ. ಕೋರ್ಟಿನ ಆವರಣದಲ್ಲಿ ಎಲ್ಲರೂ ಹೇಳುವುದು ಪ್ರೊಬೇಷನ್ ಆಫೀಸರ್ ಎಂದೇ. ಪರೀಕ್ಷೆ ಬರೆದು ಬ್ಯಾಂಕಿಗೆ ಸೇರುವ ಪ್ರೊಬೇಷನರಿ ಆಫೀಸರಿಗೂ ಇವರಿಗೂ ಸಂಬಂಧವಿಲ್ಲ. ಆದರೂ ಹೆಸರು ಹೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬ್ಯಾಂಕಿನವರೇ. ಈ ಹುದ್ದೆ ಜನರಿಗೆ ಎಷ್ಟು ಅಪರಿಚಿತ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದನ್ನು ಮೊದಲು ಮಾಡಿ ತೋರಿಸಿದವನು ಅಧಿಕಾರಿಯೂ ಅಲ್ಲ, ವಕೀಲನೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಬೂಟು ಹೊಲಿದು ಬದುಕುತ್ತಿದ್ದ ಜಾನ್ ಆಗಸ್ಟಸ್. 1841ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವನು ಪೊಲೀಸ್ ಕೋರ್ಟಿನಲ್ಲಿ ಕುಳಿತಿದ್ದಾಗ ಚಿಂದಿ ಬಟ್ಟೆಯ ಕುಡುಕನೊಬ್ಬನನ್ನು ಕರೆತಂದರು. ಸೆರೆಮನೆಗೆ ಹೋಗುವುದು ಖಚಿತವಾಗಿತ್ತು. ಆಗಸ್ಟಸ್ ಅವನೊಡನೆ ನಾಲ್ಕು ಮಾತಾಡಿದ. ಇನ್ನು ಕುಡಿಯುವುದಿಲ್ಲ ಎಂಬ ಅವನ ಮಾತನ್ನು ನಂಬಿ ತಾನೇ ಜಾಮೀನು ನಿಂತ. ಮೂರು ವಾರ ಕಳೆದು ಅದೇ ಮನುಷ್ಯ ಮತ್ತೆ ಕೋರ್ಟಿಗೆ ಬಂದಾಗ ಗುರುತು ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಹಾಕಿದ ದಂಡ ಒಂದು ಸೆಂಟ್, ಜೊತೆಗೆ ಕೋರ್ಟಿನ ಖರ್ಚು.

1859ರಲ್ಲಿ ಸಾಯುವ ತನಕ ಆಗಸ್ಟಸ್ ಹೀಗೆ ಸುಮಾರು 2,000 ಮಂದಿಗೆ ಜಾಮೀನು ನಿಂತನೆಂದು ದಾಖಲೆಗಳು ಹೇಳುತ್ತವೆ. ಸೆರೆಮನೆಗೆ ಸಾಗಿಸಿದ ಪ್ರತಿ ಕೈದಿಗೂ ಶುಲ್ಕ ಪಡೆಯುತ್ತಿದ್ದ ಕೋರ್ಟಿನ ಸಿಬ್ಬಂದಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಸಂಪಾದನೆಗೇ ಕಲ್ಲು ಬಿದ್ದಿತ್ತು. ಹಾಗೆಂದು ಅವನು ಸಿಕ್ಕವರಿಗೆಲ್ಲ ಜಾಮೀನು ನಿಲ್ಲುವ ಧಾರಾಳಿಯಲ್ಲ. ಮನುಷ್ಯನ ಹಿಂದಿನ ನಡತೆ, ವಯಸ್ಸು, ಮುಂದೆ ಅವನು ಯಾರ ಸಹವಾಸದಲ್ಲಿರುತ್ತಾನೆ ಎಂಬುದನ್ನೆಲ್ಲ ವಿಚಾರಿಸಿದ ಮೇಲೆಯೇ ಹೆಗಲು ಕೊಡುತ್ತಿದ್ದ. ಇಂದಿನ ಅಧಿಕಾರಿ ಬರೆಯುವ ವರದಿಯ ಮೂಲ ಇದೇ. ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಕಾನೂನು ಮಾಡಿ ಈ ಕೆಲಸಕ್ಕೆ ಸಂಬಳದ ಅಧಿಕಾರಿಯನ್ನು ನೇಮಿಸಲು ಅವಕಾಶ ಕೊಟ್ಟಿತು.

ಇಂಗ್ಲೆಂಡಿನಲ್ಲಿ ಪಾನನಿರೋಧದ ಚರ್ಚ್ ಸಂಘಟನೆಯೊಂದು ಪೊಲೀಸ್ ಕೋರ್ಟುಗಳಿಗೆ ತನ್ನ ಜನರನ್ನು ಕಳಿಸುತ್ತಿತ್ತು. ಅದು ಬೆಳೆದು 1907ರಲ್ಲಿ ಕಾಯ್ದೆಯಾಯಿತು. ಅಪರಾಧಿಗೆ ಬುದ್ಧಿ ಹೇಳಬೇಕು, ನೆರವಾಗಬೇಕು, ಸ್ನೇಹಿತನಾಗಬೇಕು, ಅಗತ್ಯಬಿದ್ದರೆ ಕೆಲಸ ಹುಡುಕಿಕೊಡಲು ಯತ್ನಿಸಬೇಕು ಎಂದು ಆ ಕಾಯ್ದೆ ಅಧಿಕಾರಿಗೆ ವಿಧಿಸಿತ್ತು. ಸ್ನೇಹವನ್ನು ಸರ್ಕಾರಿ ಕರ್ತವ್ಯವೆಂದು ಬರೆದಿಟ್ಟ ಕಾಯ್ದೆಗಳು ಅಪರೂಪ.

ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ, ಮೊದಲ ಸಲ ತಪ್ಪು ಮಾಡಿದ ಕೆಲವರನ್ನು ಮುಚ್ಚಳಿಕೆ ಬರೆಸಿಕೊಂಡು ಬಿಡಲು ಅವಕಾಶ ಕೊಟ್ಟಿತ್ತು. ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಅಖಿಲ ಭಾರತ ಮಟ್ಟದ ಮಸೂದೆಯೊಂದು 1931ರಲ್ಲಿ ಸಿದ್ಧವಾಗಿ ಅಲ್ಲಿಗೇ ನಿಂತಾಗ ಪ್ರಾಂತಗಳು ತಮ್ಮ ತಮ್ಮ ದಾರಿ ಹಿಡಿದವು. ಮದರಾಸು 1936ರಲ್ಲಿ, ಮುಂಬಯಿ 1938ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದವು. ಇಂದಿನ ಕರ್ನಾಟಕದ ಮಂಗಳೂರು, ಬಳ್ಳಾರಿ ಸೀಮೆ ಆಗ ಮದರಾಸಿಗೆ ಸೇರಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿಯಲ್ಲಿದ್ದವು. ಒಂದೇ ಭಾಷೆಯಾಡುವ ಎರಡು ಊರುಗಳ ಕಳ್ಳರಿಗೆ ಎರಡು ಬಗೆಯ ಕಾನೂನು! ದೇಶಕ್ಕೆಲ್ಲ ಒಂದೇ ಎಂಬಂತೆ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಬಂದದ್ದು 1958ರಲ್ಲಿ. ಇಂದಿಗೂ ನಡೆಯುತ್ತಿರುವುದು ಅದೇ.

ಆ ಕಾಯ್ದೆಯ 14ನೇ ಕಲಂ ಅಧಿಕಾರಿಯ ಕೆಲಸಗಳನ್ನು ಹೇಳುತ್ತದೆ. ಮೊದಲನೆಯದು ವಿಚಾರಣೆ. ಕೋರ್ಟು ಸೂಚಿಸಿದಾಗ ಅಧಿಕಾರಿ ಅಡಿಕೆ ಕದ್ದ ಹುಡುಗನ ಊರಿಗೆ ಹೋಗಬೇಕು. ತಂದೆ ತಾಯಿ, ನೆರೆಹೊರೆ, ಕೆಲಸ ಕೊಟ್ಟವರು, ಓದಿಸಿದ ಮೇಷ್ಟ್ರು, ಹೀಗೆ ನಾಲ್ಕು ಕಡೆ ಕೇಳಬೇಕು. ಕದ್ದನೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಅದನ್ನು ಕೋರ್ಟು ಆಗಲೇ ತೀರ್ಮಾನಿಸಿದೆ. ಯಾಕೆ ಕದ್ದ, ಮತ್ತೆ ಕದಿಯದಂತೆ ಹಿಡಿದಿಡುವ ಕೈ ಯಾವುದಾದರೂ ಇದೆಯೇ ಎಂಬುದಷ್ಟೇ ಪ್ರಶ್ನೆ. ಊರಿನವರ ಮಾತನ್ನು ಹಾಗೆಯೇ ಬರೆದುಕೊಂಡು ಬರುವಂತೆಯೂ ಇಲ್ಲ. ಹಳೆಯ ಬೇಲಿ ಜಗಳ, ಜಾತಿಯ ಅಸಮಾಧಾನ, ಚುನಾವಣೆಯ ಸಿಟ್ಟು ಎಲ್ಲವೂ ‘ಅವನ ನಡತೆ ಸರಿಯಿಲ್ಲ’ ಎಂಬ ಮಾತಿನೊಳಗೆ ಸೇರಿಕೊಂಡಿರಬಹುದು. ಅದನ್ನು ಸೋಸಿ ಬರೆಯುವುದೇ ಈ ಕೆಲಸದ ಕಷ್ಟದ ಭಾಗ. ವರದಿ ಗೋಪ್ಯ. ಆದರೆ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ ಅವನ ಮಾತಿಗೂ ಅವಕಾಶ ಕೊಡಲು ಕೋರ್ಟಿಗೆ ಅಧಿಕಾರವಿದೆ.

ಎರಡನೆಯ ಕೆಲಸ ಬಿಡುಗಡೆಯ ನಂತರದ್ದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧವಲ್ಲದಿದ್ದರೆ ಕೋರ್ಟು ಸದ್ವರ್ತನೆಯ ಮುಚ್ಚಳಿಕೆಯ ಮೇಲೆ ಅಪರಾಧಿಯನ್ನು ಬಿಡಬಹುದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಜೊತೆಗೆ ಪರಿವೀಕ್ಷಣೆಗೆ ಒಪ್ಪಿಸಿದರೆ ಅದು ಒಂದು ವರ್ಷಕ್ಕೆ ಕಡಿಮೆಯಿರುವಂತಿಲ್ಲ. ಎಲ್ಲಿ ವಾಸಿಸಬೇಕು, ಮದ್ಯ ಮುಟ್ಟಬಾರದು ಎಂಬಂಥ ಷರತ್ತುಗಳಿರುತ್ತವೆ. ಅವನ ಮೇಲೆ ಕಣ್ಣಿಟ್ಟಿರುವುದು, ಅಗತ್ಯವಿದ್ದಲ್ಲಿ ಸೂಕ್ತ ಉದ್ಯೋಗ ಹುಡುಕಿಕೊಡಲು ಯತ್ನಿಸುವುದು, ಅಡಿಕೆಯ ಯಜಮಾನನಿಗೆ ಪರಿಹಾರ ಕೊಡುವಂತೆ ಕೋರ್ಟು ಹೇಳಿದ್ದರೆ ಆ ಹಣ ಕಟ್ಟಲು ದಾರಿ ತೋರುವುದು, ಇವೆಲ್ಲ ಅಧಿಕಾರಿಯ ಪಾಲಿಗೆ ಬರುತ್ತವೆ. ಇಂಗ್ಲೆಂಡಿನ ಕಾಯ್ದೆಯಿಂದ ಕೆಲಸ ಹುಡುಕುವ ಮಾತು ನಮ್ಮಲ್ಲಿಗೂ ಬಂತು, ಬುದ್ಧಿವಾದ ಮತ್ತು ನೆರವು ಬಂದವು. ಸ್ನೇಹಿತನಾಗಬೇಕೆಂಬ ಮಾತು ಮಾತ್ರ 14ನೇ ಕಲಮಿನಲ್ಲಿ ಇಲ್ಲ.

ಇದು ಬರೀ ಪದದ ವಿಷಯವಲ್ಲ. ಅಧಿಕಾರಿ ಸರ್ಕಾರಿ ನೌಕರ, ಕರ್ತವ್ಯದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಹತೋಟಿಗೆ ಒಳಪಟ್ಟವರು. ಷರತ್ತು ಮುರಿದರೆ ಕೋರ್ಟು ವಾರೆಂಟ್ ಕಳಿಸಬಹುದು, ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲದ ತಪ್ಪಾದರೆ 50 ರೂಪಾಯಿಯವರೆಗೆ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು. 1958ರಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ಹಾಗಿರುವಾಗ, ಕುಡಿದದ್ದನ್ನು ಹುಡುಗ ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳುವನೇ? ಹೇಳಿದರೆ ಅದನ್ನು ಕೋರ್ಟಿಗೆ ಮುಟ್ಟಿಸಬೇಕೇ, ಮತ್ತೊಂದು ಅವಕಾಶ ಕೊಡಬೇಕೇ? ಕೋರ್ಟಿನ ಕಣ್ಣೂ ಆಗಿರಬೇಕು, ಅಪರಾಧಿಯ ಆಸರೆಯೂ ಆಗಿರಬೇಕು. ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ತೂಕ ಮೊದಲನೆಯದರ ಕಡೆಗೆ ವಾಲಿದಂತಿದೆ. ಅಲ್ಲಿ ಹುದ್ದೆಗೆ ಪದವಿ ಬೇಕು, ಮೊದಲ ನೇಮಕಕ್ಕೆ ವಯಸ್ಸಿನ ಮಿತಿಯೂ ಇದೆ. ಮಾದಕ ವಸ್ತು ಪರೀಕ್ಷೆ, ಎಲೆಕ್ಟ್ರಾನಿಕ್ ಕಾವಲು ಅವರ ನಿತ್ಯದ ಕೆಲಸ. ನಮ್ಮ ಅಧಿಕಾರಿಗೆ ಸಮವಸ್ತ್ರವಿಲ್ಲ, ಲಾಠಿಯಿಲ್ಲ. ಇರುವುದು ಮಾತು ಮತ್ತು ವರದಿ.

ಇಂಥವರಿಗೆ ಯಾವ ಅರ್ಹತೆ ಬೇಕು? 1958ರ ಕಾಯ್ದೆ ಪದವಿಯ ಹೆಸರು ಹೇಳುವುದಿಲ್ಲ, ನೇಮಕದ ನಿಯಮಗಳನ್ನು ರಾಜ್ಯಗಳಿಗೆ ಬಿಟ್ಟಿದೆ. ಸಮಾಜಕಾರ್ಯ, ಅಪರಾಧಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ ಓದಿದವರು ಈ ಕೆಲಸಕ್ಕೆ ಒಗ್ಗುವವರು. ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯ, ಅಪರಾಧಶಾಸ್ತ್ರ ವಿಭಾಗವಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇಂಥ ವಿದ್ಯೆಗೆ ರಾಜ್ಯದಲ್ಲಿ ಹೆಸರಾದವು. ಸರ್ಕಾರ ನೇಮಿಸಿದವರಲ್ಲದೆ, ಮಾನ್ಯತೆ ಪಡೆದ ಸಂಘ ಒದಗಿಸಿದವರನ್ನೂ, ವಿಶೇಷ ಸಂದರ್ಭದಲ್ಲಿ ಕೋರ್ಟಿಗೆ ಯೋಗ್ಯರೆಂದು ತೋರಿದ ಬೇರೆ ಯಾರನ್ನೇ ಆದರೂ ಪರಿವೀಕ್ಷಣಾಧಿಕಾರಿ ಎಂದು ಕಾಯ್ದೆ ಒಪ್ಪುತ್ತದೆ. ಬೂಟು ಹೊಲಿಯುವವನಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ!

ಈ ಅಧಿಕಾರಿ ಕೆಲಸಕ್ಕೆ ಬರುವುದು ಕೋರ್ಟು ಕರೆದರೆ ಮಾತ್ರ. ಅಪರಾಧಿಗೆ 21 ತುಂಬಿಲ್ಲವಾದರೆ, ಜೀವಾವಧಿಯಷ್ಟು ಘೋರವಲ್ಲದ ಅಪರಾಧಕ್ಕೆ ಸೆರೆವಾಸ ವಿಧಿಸುವ ಮುನ್ನ ಅಧಿಕಾರಿಯ ವರದಿ ತರಿಸಿಕೊಳ್ಳಲೇಬೇಕು, ಸೆರೆಗೆ ಕಳಿಸುವುದಾದರೆ ಕಾರಣ ಬರೆಯಲೇಬೇಕು ಎನ್ನುತ್ತದೆ 6ನೇ ಕಲಂ. 1964ರ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಈ ಕಾಯ್ದೆಯನ್ನು ಉದಾರವಾಗಿ ಓದಿದರು. ಕೆಳಗಿನ ಕೋರ್ಟುಗಳು ಬಳಸದೆ ಬಿಟ್ಟ ಅವಕಾಶವನ್ನು ಮೇಲಿನ ಕೋರ್ಟು ಮೇಲ್ಮನವಿಯಲ್ಲೂ ಬಳಸಬಹುದೆಂದು ಆ ತೀರ್ಪು ಹೇಳಿತು. ಮುಂದೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ವಕೀಲರು ಕೇಳಲಿ ಬಿಡಲಿ, ಶಿಕ್ಷೆಗೆ ಸಂಬಂಧಿಸಿದ ಸಂಗತಿಗಳನ್ನು ಕೋರ್ಟೇ ಮುಂದಾಗಿ ಸಂಗ್ರಹಿಸಬೇಕೆಂದು ಹೇಳಬೇಕಾಯಿತು. ಹಾಗೆ ಹೇಳಬೇಕಾಗಿ ಬಂದದ್ದೇ ರೂಢಿ ಹೇಗಿತ್ತೆಂಬುದನ್ನು ತೋರಿಸುತ್ತದೆ.

ಎಲ್ಲ ಅಪರಾಧಕ್ಕೂ ಈ ದಾರಿಯಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ತಪ್ಪಿತಸ್ಥರಾದ, 18 ದಾಟಿದವರಿಗೆ ಇದು ಅನ್ವಯಿಸದು. ಮಾದಕ ವಸ್ತುಗಳ ಕಾಯ್ದೆಯಲ್ಲೂ ಬಿಗಿಯಾದ ಮಿತಿಯಿದೆ. ಇನ್ನು ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣದಿಂದ ಬರುವ ಕಾನೂನಿನ ಅನರ್ಹತೆ ಅಂಟುವುದಿಲ್ಲ ಎಂದು 12ನೇ ಕಲಂ ಹೇಳುತ್ತದೆ. ಆದರೆ ಅಪರಾಧಿ ಎಂಬ ತೀರ್ಪು ಅಳಿಸಿಹೋಗುವುದಿಲ್ಲ, ಇಲಾಖೆ ಅದರ ಮೇಲೆ ಕ್ರಮ ಕೈಗೊಳ್ಳಬಹುದು ಎಂದು 1990ರಲ್ಲಿ ಸುಪ್ರೀಂ ಕೋರ್ಟ್ ತಿಳಿಸಿತು. ಸರ್ಕಾರಿ ಕೆಲಸದಲ್ಲಿದ್ದವರಿಗೆ ಇದು ಚಿಕ್ಕ ಮಾತಲ್ಲ.

ಅಡಿಕೆಯ ಹುಡುಗನಿಗೆ ದೊಡ್ಡ ಅಪಾಯ ಇರುವುದು ಕ್ಯಾಲೆಂಡರಿನಲ್ಲಿ. 21 ವರ್ಷದ ಲೆಕ್ಕ ಹಿಡಿಯುವುದು ಕದ್ದ ದಿನಕ್ಕಲ್ಲ, ವಿಚಾರಣಾ ಕೋರ್ಟು ಅಪರಾಧಿ ಎಂದು ತೀರ್ಮಾನಿಸುವ ದಿನಕ್ಕೆ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಹತ್ತೊಂಬತ್ತಕ್ಕೆ ಕದ್ದವನ ಮೊಕದ್ದಮೆ ವಾಯಿದೆಯ ಮೇಲೆ ವಾಯಿದೆ ಬಿದ್ದು ಮೂರು ವರ್ಷ ಎಳೆದರೆ, ತೀರ್ಪಿನ ದಿನ ಅವನಿಗೆ 22. 6ನೇ ಕಲಮಿನ ರಕ್ಷಣೆ ಅವನ ಕೈತಪ್ಪಿರುತ್ತದೆ. ಆದರೂ 4ನೇ ಕಲಂ ಉಳಿದಿರುತ್ತದೆ, ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕೆಂದು ಅವನ ವಕೀಲರು ಕೇಳಬೇಕು, ಕೇಳಬೇಕಾದದ್ದು ಅಪರಾಧಿ ಎಂದು ಹೇಳಿದ ಆ ಹೊತ್ತಿನಲ್ಲೇ, ಶಿಕ್ಷೆಯ ಆದೇಶಕ್ಕೆ ಸಹಿ ಬೀಳುವ ಮುಂಚೆ.